ತಂಗಿ ಓದಿದ ಪುಟ

ನಾವು ಕುರ್ಲಾದ ಚಾಳಿನಲ್ಲಿದ್ದಾಗ ತಂಗಿಗೆ ಪಾಠ ಹೇಳಿಕೊಡುತ್ತಿದ್ದವಳು ಅಮ್ಮ. ಮೈಸೂರಿನಲ್ಲಿ ತಾನು ಸ್ತೋತ್ರ ಕಲಿತ ಕ್ರಮದಲ್ಲೇ ಕಲಿಸುತ್ತಿದ್ದಳು: ಅವಳು ಒಂದು ಸಾಲು ಹೇಳಬೇಕು, ತಂಗಿ ಅದನ್ನು ಎರಡು ಸಲ ತಿರುಗಿ ಹೇಳಬೇಕು. ಇಂಗ್ಲಿಷ್ ಪಾಠವಾದರೆ ಸಾಲು ಓದುವ ಕೆಲಸ ನನ್ನದು. ನನಗಿಂತ ಹನ್ನೊಂದು ವರ್ಷ ಚಿಕ್ಕವಳಾದ ತಂಗಿ ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಮಾಟುಂಗದ ಕನ್ನಡ ಸಂಘದ ಕಂಠಪಾಠ ಸ್ಪರ್ಧೆಯಲ್ಲಿ ಸ್ಟೀಲ್ ಲೋಟ ಗೆದ್ದು ತಂದಿದ್ದಳು. ನಾನಾಗ ಸಂಖ್ಯಾಶಾಸ್ತ್ರದ ವಿದ್ಯಾರ್ಥಿ.

"ನಿನ್ನ ಬಿಯೆಸ್ಸಿ ಎಲ್ಲಾ ಪುಸ್ತಕದಲ್ಲಿದೆ ಕಣೋ. ಇವಳದ್ದು ತಲೇಲಿದೆ" ಎಂದು ಅಮ್ಮ ಚುಚ್ಚುತ್ತಿದ್ದಳು.

ಬರೆಯಲು ಕೂತರೆ ಮಾತ್ರ ತಂಗಿಯ ಅಕ್ಷರಗಳು ಹಿಂದುಮುಂದಾಗುತ್ತಿದ್ದವು. ಶಾಲೆಯಲ್ಲಿ ಬೆರಳ ಗಿಣ್ಣಿನ ಮೇಲೆ ಸ್ಕೇಲಿನ ಏಟು, ಮನೆಯಲ್ಲಿ ಅಮ್ಮನ ಚಿವುಟು. "ಬಾಯಲ್ಲಿ ಬರತ್ತೆ, ಕೈಯಲ್ಲಿ ಯಾಕೆ ಬರಲ್ಲ? ಕೊಬ್ಬು!" ನಾನೂ ಹಾಗೆಯೇ ನಂಬಿದ್ದೆ.

ಒಂದು ಸಂಜೆ ನಾನು ಹೊರಗಿನಿಂದ ಬಂದಾಗ ಅವಳು ಮೀನುಗಾರನ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಒಂದೂ ತಪ್ಪಿಲ್ಲ. ಬಗ್ಗಿ ನೋಡಿದೆ. ತೆರೆದಿದ್ದದ್ದು ಅಂಚೆ ಕಚೇರಿಯ ಪಾಠ. ಅವಳ ಬೆರಳು ಆ ಸಾಲುಗಳ ಮೇಲೆಯೇ ನಿಧಾನವಾಗಿ ಸಾಗುತ್ತಿತ್ತು. ನಾನು ನಕ್ಕೆ.

"ಎಂಥಾ ನಾಟಕದೋಳೇ ನೀನು!"

ಅವಳು ಪುಸ್ತಕ ಮುಚ್ಚಿದಳು. "ಅಣ್ಣಾ, ಅಮ್ಮಂಗೆ ಹೇಳ್ಬೇಡ ಹಾಂ."

ಹೇಳಲಿಲ್ಲ.

ಅವಳು ಐದನೆಯ ತರಗತಿಗೆ ಬಂದಾಗ ಭಾಂಡುಪಿನ ಕಾಲೊನಿಗೆ ಮನೆ ಬದಲಾಯಿಸಿದೆವು. ಏಳನೆಯದರಲ್ಲಿ ಎರಡು ಸಲ ಫೇಲಾದಳು. ಡಾಕ್ಟರ ಕಾಗದ ತಂದರೆ ಯೋಚಿಸುತ್ತೇವೆ, ಇಲ್ಲದಿದ್ದರೆ ಮಗಳನ್ನು ಬಿಡಿಸಿಕೊಳ್ಳಿ ಎಂದು ಶಾಲೆಯವರು ಹೇಳಿಬಿಟ್ಟರು. ಮುನಿಸಿಪಲ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಅವಳನ್ನು ನಾನೇ ಕರೆದೊಯ್ದೆ. ಧಾರವಾಡ ಕಡೆಯ ಡಾಕ್ಟರಮ್ಮ ಎರಡು ದಿನ ಪರೀಕ್ಷಿಸಿದರು. ಹುಡುಗಿ ಚುರುಕಾಗಿದ್ದಾಳೆ, ಆದರೆ ಅಕ್ಷರವನ್ನೂ ಅದರ ಸದ್ದನ್ನೂ ಜೋಡಿಸುವುದು ಅವಳಿಗೆ ಕಷ್ಟ, ಇದಕ್ಕೆ ಕಲಿಕಾ ನ್ಯೂನತೆ ಎನ್ನುತ್ತಾರೆ ಎಂದರು. ನಾನು ವಾದಕ್ಕಿಳಿದೆ. ನಿಮ್ಮ ಪರೀಕ್ಷೆ ಪರದೇಶದ ಮಕ್ಕಳಿಗಾಗಿ ಮಾಡಿದ್ದು, ಮನೆಯಲ್ಲಿ ಕನ್ನಡ, ಬಿಲ್ಡಿಂಗಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಗುವಿಗೆ ಈ ಅಂಕಗಳ ಅರ್ಥವೇನು ಎಂದೆ.

"ನಿಮ್ಮ ಪ್ರಶ್ನಿ ಖರೆ ಅದರೀ" ಎಂದರು ಅವರು. "ಆದ್ರ ಒಮ್ಮೆನೂ ಕೇಳದ ಪಾಠ ಆಕಿ ಓದಿದ್ದು ಮನ್ಯಾಗ ಯಾರರ ನೋಡೀರೇನು?"

ಆಗ ಮೀನುಗಾರನ ಪಾಠದ ಆ ಸಂಜೆಯ ವಿಷಯ ಹೇಳಿದೆ. ಯಾವಾಗ ಎಂದು ಕೇಳಿದರು. "ಹೋದ ವರ್ಷ" ಎಂದೆ. ಅವರು ಬರೆದುಕೊಂಡರು.

"ಎಂಟು ಒಂಬತ್ತು ವರ್ಷದಾಕಿ ಇದ್ದಾಗ ಗೊತ್ತಾಗಿದ್ರ ಭಾಳ ಛಲೋ ಆಗ್ತಿತ್ತು."

ಹೋದ ವರ್ಷವೆಂದು ನಂಬಿ ಹೇಳಿದೆನೋ, ಬಾಯಿಗೆ ಅನುಕೂಲವಾದದ್ದನ್ನು ಹೇಳಿದೆನೋ, ಇಂದಿಗೂ ತಿಳಿಯದು. ಆ ಸಂಜೆಯನ್ನು ನೆನೆದಾಗಲೆಲ್ಲ ಲೋಕಲ್ ರೈಲು ಹಾದುಹೋಗಿ ಗೂಡಿನ ಮೇಲಿನ ಸ್ಟೀಲ್ ಡಬ್ಬಿಗಳು ಗಲಗಲ ಎನ್ನುತ್ತವೆ. ಡಬ್ಬಿಗಳು ಅಲುಗುತ್ತಿದ್ದದ್ದು ಹಳಿಯ ಪಕ್ಕದ ಕುರ್ಲಾ ಚಾಳಿನ ಕೋಣೆಯಲ್ಲಿ. ಭಾಂಡುಪಿನ ಮನೆಗೆ ರೈಲಿನ ಸದ್ದೇ ಕೇಳುತ್ತಿರಲಿಲ್ಲ. ಹಾಗಾದರೆ ಅವಳಾಗ ಎಂಟೊಂಬತ್ತು ವರ್ಷದವಳು. ಒಂದು ಮನೆಯ ಸದ್ದನ್ನು ನೆನಪು ಇನ್ನೊಂದಕ್ಕೆ ತಂದು ಹಾಕುವುದುಂಟು, ಒಂದೇ ಸಾಕ್ಷ್ಯದಿಂದ ತೀರ್ಮಾನಕ್ಕೆ ಬರಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಡಬ್ಬಿಗಳ ಸದ್ದು ನಿಂತಿಲ್ಲ.

ಹೆಡ್ಮಿಸ್ಟ್ರೆಸ್ ಡಾಕ್ಟರ ಕಾಗದ ಓದಿ, ತಂಗಿಗೆ ಒಂದು ಪದ್ಯ ಹೇಳಲು ಹೇಳಿದರು. ಅವಳು ತಡವರಿಸದೆ ಪೂರ್ತಿ ಹೇಳಿದಳು. ಇಷ್ಟು ಚೆನ್ನಾಗಿ ಹೇಳುವವಳಿಗೆ ಯಾವ ಕಾಯಿಲೆ ಎಂದು ಕಾಗದವನ್ನು ನನಗೇ ಹಿಂದಿರುಗಿಸಿದರು. ಮರುವಾರ ಟಿ.ಸಿ. ಕೈಗೆ ಬಂತು.

ಗೇಟಿನ ಹೊರಗೆ ಅವಳು ಅದನ್ನು ನನ್ನ ಮುಂದೆ ಹಿಡಿದಳು. "ಏನ್ ಬರ್ದಿದಾರೆ? ಓದೋ."

ಶಾಲೆ ಬಿಡಲು ಕಾರಣ: ಪ್ರಗತಿ ಅತೃಪ್ತಿಕರ ಎಂದಿತ್ತು. "ಮನೆ ಬದಲಾಯಿಸುತ್ತಿರುವುದರಿಂದ" ಎಂದು ಓದಿದೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ತಿರುಗಿ ಹೇಳಿದಳು.

ಬಿಲ್ಡಿಂಗಿನಲ್ಲಿ ಯಾರು ಕೇಳಿದರೂ ಅದನ್ನೇ ಹೇಳುತ್ತಿದ್ದಳು, ಮರಾಠಿಯಲ್ಲೂ. ನಾವು ಮಾತ್ರ ಅದೇ ಮನೆಯಲ್ಲಿದ್ದೆವು. ಕೆಲವು ತಿಂಗಳ ಮೇಲೆ ನಾವು ಕಾಕು ಎಂದು ಕರೆಯುತ್ತಿದ್ದ ಎದುರುಮನೆಯ ಮರಾಠಿ ಹೆಂಗಸು ಬಾಗಿಲಲ್ಲಿ ನಿಂತು, ಮತ್ತೆ ಮನೆ ಯಾವಾಗ ಬದಲಾಯಿಸ್ತೀರಿ ಎಂದು ಕೇಳಿದರು. ಮುಂದಿನ ಸಾಲಿಗಾಗಿ ತಂಗಿ ನನ್ನ ಮುಖ ನೋಡಿದಳು. ನಾನು ಚಪ್ಪಲಿ ಹುಡುಕುತ್ತಿದ್ದೆ.