ದೊಡ್ಡಮ್ಮನ ಚಿತ್ರಕ್ಕೆ ಸೀರೆ ಬದಲಾಯಿಸಿದ್ದು

ಫ್ಯಾಷನ್ ಸತ್ತವರನ್ನೂ ಬಿಡುವುದಿಲ್ಲ ಎಂದು ನನಗೆ ಗೊತ್ತಾದದ್ದು ಕಾಪುವಿನಲ್ಲಿ, ದೊಡ್ಡಮ್ಮನ ಮಗನ ಮನೆಯಲ್ಲಿ.

ಎಪ್ಪತ್ತರ ದಶಕದಲ್ಲಿ ನಾನು ಕಾರ್ಕಳದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಒಂದು ರಜೆಯಲ್ಲಿ ದೊಡ್ಡಮ್ಮನ ಊರು ಇನ್ನಂಜೆಗೆ ಹೋಗಿ, ಅವಳನ್ನು ಜಗಲಿಯಲ್ಲಿ ಕೂರಿಸಿ ಚಿತ್ರ ಬರೆದೆ. ಕ್ಯಾನ್ವಾಸ್ ತರುವ ತಾಕತ್ತಿರಲಿಲ್ಲ. ದಪ್ಪ ರಟ್ಟಿನ ಮೇಲೆ ಎಣ್ಣೆಬಣ್ಣ. ಗದ್ದೆಯಿಂದ ಬಂದವಳು ಹಾಗೆಯೇ ಕೂತಿದ್ದಳು, ಮಡಿಲಲ್ಲಿ ಕೈ ಚೆಲ್ಲಿ. ಉಟ್ಟದ್ದು ನಮ್ಮ ಕಡೆಯ ಮಗ್ಗದ ಚೌಕುಳಿ ಸೀರೆ. ಒಗೆದು ಒಗೆದು ಅದರ ಕೆಂಪು ಹಳೆಯ ಹಂಚಿನ ಬಣ್ಣಕ್ಕೆ ಬಂದಿತ್ತು.

“ಎಂತ ಮಾರಾಯ, ಒಳ್ಳೆ ಸೀರೆ ಉಟ್ಟು ಬರ್ಲಿಕ್ಕೂ ಬಿಡುದಿಲ್ವಾ ನೀನು?” ಎಂದು ಗೊಣಗಿದಳು. ಮುಗಿದ ಮೇಲೆ ಚಿತ್ರದ ಹತ್ತಿರ ಮುಖ ತಂದು ನೋಡಿದಳು. ಬುಡದಲ್ಲಿ, ಸೀರೆಯ ಅಂಚಿನ ಹತ್ತಿರ, ಅವಳೇ ಹಾಕಿಕೊಂಡಿದ್ದ ನೀಲಿ ತೇಪೆ ಇತ್ತು. “ಇದನ್ನು ಸಹ ಬಿಡ್ಲಿಲ್ಲ ಅಲ್ವಾ!” ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ, “ಇದು ನಾನೇ” ಎಂದಳು. ಅದಕ್ಕಿಂತ ದೊಡ್ಡ ಮಾತು ನನ್ನ ಯಾವ ಚಿತ್ರಕ್ಕೂ ಸಿಕ್ಕಿಲ್ಲ.

ಅದನ್ನು ಮಣಿಪಾಲದಲ್ಲಿ ಒಂದು ಪ್ರದರ್ಶನಕ್ಕೆ ಇಟ್ಟೆ. ತೋಳಿಲ್ಲದ ರವಕೆ ತೊಟ್ಟ ಮಹಿಳೆಯೊಬ್ಬರು ಬಹಳ ಹೊತ್ತು ಅದರೆದುರು ನಿಂತರು. ನಾನು ಉಬ್ಬಿಹೋದೆ. “ಚೆನ್ನಾಗಿದೆ. ಆದರೆ ನಮ್ಮ ಹಾಲ್‌ನ ಕರ್ಟನ್ನಿಗೆ ಈ ಕೆಂಪು ಮ್ಯಾಚ್ ಆಗುವುದಿಲ್ಲ” ಎಂದರು. ಪಕ್ಕದಲ್ಲಿದ್ದ ಹಸಿರು ತೋಟದ ಚಿತ್ರಕ್ಕೆ ತಮ್ಮ ಸೆರಗಿನ ತುದಿ ಹಿಡಿದು ತಾಳೆ ನೋಡಿ, ಅದನ್ನು ಆರಿಸಿಕೊಂಡರು. ಚಿತ್ರವನ್ನು ರವಕೆ ಕಣದ ಹಾಗೆ ಆರಿಸುವ ಇಂಥವರ ಗೋಡೆಗಿಂತ ನಮ್ಮವರ ಗೋಡೆಯೇ ವಾಸಿ ಎಂದುಕೊಂಡೆ. ಮುಂದೆ ದೊಡ್ಡಮ್ಮ ತೀರಿಕೊಂಡಾಗ, ಚಿತ್ರಕ್ಕೆ ಮರದ ಫ್ರೇಮು ಹಾಕಿಸಿ ಅವಳ ಮಗನಿಗೆ ಕೊಟ್ಟೆ. ಅಣ್ಣ ಆಗ ಗಲ್ಫಿನಲ್ಲಿದ್ದು, ಕಾಪುವಿನಲ್ಲಿ ಹೊಸ ಮನೆ ಕಟ್ಟಿಸಿದ್ದ.

ವರ್ಷಾಂತಿಕಕ್ಕೆ ಹೋದರೆ, ಹೂಮಾಲೆಯ ಹಿಂದೆ ದೊಡ್ಡಮ್ಮ ಗುಲಾಬಿ ಹೂವಿನ ನೈಲಾನ್ ಸೀರೆಯಲ್ಲಿ ಕೂತಿದ್ದಳು.

“ಕಟಪಾಡಿಯಲ್ಲಿ ಬೋರ್ಡ್ ಬರೆಯುವವರ ಹತ್ರ ಮಾಡಿಸಿದ್ದು” ಎಂದರು ಅತ್ತಿಗೆ. “ಆ ಸೀರೆಯಲ್ಲಿ ಅತ್ತೆ ಕೆಲಸದವರ ಹಾಗೆ ಕಾಣ್ತಿದ್ರು. ಬಂದವರ ಎದುರು ನಮಗೆ ನಾಚಿಕೆ ಅಲ್ವಾ?”

“ನನ್ನನ್ನು ಒಂದು ಮಾತು ಕೇಳಬಾರದಿತ್ತಾ?” ಎಂದು ರಜೆಯಲ್ಲಿ ಬಂದಿದ್ದ ಅಣ್ಣನನ್ನು ಕೇಳಿದೆ.

“ಕೇಳಿದ್ರೆ ನೀನು ಒಪ್ತಿರ್ಲಿಲ್ಲ. ಅದಕ್ಕೇ ಕೇಳ್ಲಿಲ್ಲ.”

ಬೋರ್ಡ್ ಬರೆಯುವವನ ಮೇಲೆ ನನಗೆ ಸಿಟ್ಟಿಲ್ಲ, ಹೇಳಿದ್ದನ್ನು ಮಾಡಿದ. ಆದರೆ ಅವತ್ತು ಊಟಕ್ಕೆ ಕೂರದೆ ಹೊರಟುಬಂದೆ.

ಎಂಬತ್ತರ ದಶಕಕ್ಕೆ ನೈಲಾನಿನ ಕಾಲ ಮುಗಿಯಿತು, ಗೋಡೆಯ ಮೇಲೆಯೂ ಮುಗಿಯಿತು. ಇನ್ನೊಮ್ಮೆ ಹೋದಾಗ ದೊಡ್ಡಮ್ಮನಿಗೆ ಅಗಲ ಜರಿಯ ರೇಷ್ಮೆ, ಉಬ್ಬು ತೋಳಿನ ರವಕೆ, ಕೈಗೆ ಚಿನ್ನದ ವಾಚು. ಅಂಗಳದ ನೆರಳು ನೋಡಿ ಹೊತ್ತು ಹೇಳುತ್ತಿದ್ದವಳ ಕೈಗೆ ವಾಚು! ಆ ವೇಷಕ್ಕೆ ಹೊಂದಲಿ ಎಂದು ಕೈಯ ನರ, ಮುಖದ ಸುಕ್ಕು ಎಲ್ಲವನ್ನೂ ಬಳಿದು ನುಣ್ಣಗೆ ಮಾಡಿಸಿದ್ದರು. ಜವಳಿ ಅಂಗಡಿಯ ಗಾಜಿನೊಳಗಿನ ಬೊಂಬೆಯ ಮುಖ ಅದು. ಸತ್ತವಳು ಬೇಡ ಅನ್ನುವುದಿಲ್ಲ ಎಂಬ ಧೈರ್ಯ ಇವರಿಗೆ. ಥೂ ಅನ್ನಿಸಿತು. ಆ ಮನೆಗೆ ಹೋಗುವುದನ್ನೇ ಬಿಟ್ಟೆ.

ಕೆಲವು ವರ್ಷಗಳ ಮೇಲೆ ಅಣ್ಣನೇ ಹೇಳಿಕಳುಹಿಸಿದ. ಊರಿಗೆ ಬರುವಾಗ ಬಂಗಾರ ಬಣ್ಣದ ರೆಡಿಮೇಡ್ ಫ್ರೇಮು ತಂದಿದ್ದ, ಅಲ್ಲಿಯ ಹೊಸ ಫ್ಯಾಷನ್ನಂತೆ. ಹಳೆಯದನ್ನು ಬಿಚ್ಚಿ, ಚಿತ್ರವನ್ನು ನೆಲದ ಮೇಲೆ ಇಟ್ಟಿದ್ದ.

“ಚಿತ್ರ ಒಂದು ಬೆರಳಿನಷ್ಟು ದೊಡ್ಡದುಂಟು, ಒಳಗೆ ಕೂರುದಿಲ್ಲ. ನೀನು ಆರ್ಟಿಸ್ಟ್ ಅಲ್ವಾ, ಬುಡದಲ್ಲಿ ಸ್ವಲ್ಪ ಕತ್ತರಿಸಿ ಕೊಡು.”

“ಅದನ್ನೂ ಕಟಪಾಡಿಯಲ್ಲೇ ಮಾಡಿಸು” ಎಂದು ಚಪ್ಪಲಿ ಮೆಟ್ಟಲು ಹೊರಟವನು ಒಮ್ಮೆ ಕೆಳಗೆ ನೋಡಿದೆ. ಹಳೆಯ ಫ್ರೇಮಿನ ಅಂಚು ಮುಚ್ಚಿಕೊಂಡಿದ್ದ ಜಾಗಕ್ಕೆ ಯಾರ ಬ್ರಷ್ಷೂ ಹೋಗಿರಲಿಲ್ಲ. ಜರಿಯ ಕೆಳಗೆ, ರಟ್ಟಿನ ಬುಡದ ಉದ್ದಕ್ಕೂ, ಬೆರಳಗಲದ ಹಂಚಿನ ಕೆಂಪು, ಚೌಕುಳಿ. ನಡುವೆ ನೀಲಿ ತೇಪೆಯ ಅರ್ಧ.

ಅತ್ತಿಗೆ ಅದನ್ನೇ ಬೆರಳಿಟ್ಟು ತೋರಿಸಿದರು. “ನೋಡಿ, ಕತ್ತರಿಸಿದ್ರೆ ಈ ಗಲೀಜು ಸಹ ಹೋಗ್ತದೆ.”

ನಾನು ಮೊಣಕಾಲೂರಿ ಕೂತೆ. ಸ್ಕೇಲು ಕೇಳಿದೆ, ಬ್ಲೇಡು ಕೇಳಿದೆ. ಉಸಿರು ಬಿಗಿಹಿಡಿದು, ಒಂದು ಚೌಕುಳಿಯೂ ಹಾಳಾಗದ ಹಾಗೆ ಕೊಯ್ದೆ. ಅವರಿಬ್ಬರೂ ಫ್ರೇಮು ಕೂರಿಸುತ್ತಿದ್ದಾಗ ಆ ಪಟ್ಟಿಯನ್ನು ನನ್ನ ಕೊಡೆಯ ಮಡಿಕೆಯೊಳಗೆ ಇಳಿಸಿಕೊಂಡೆ.

ಅಣ್ಣ ಹಿಂದೆ ಸರಿದು ನಿಂತು ಗೋಡೆ ನೋಡಿದ. “ಈಗ ಅಮ್ಮ ಚಂದ ಕಾಣ್ತಾರೆ ನೋಡು. ನೀನು ಕಲಿತದ್ದು ಸುಮ್ಮನೆ ಅಲ್ಲ ಮಾರಾಯ.”

ಕೊಡೆಯನ್ನು ಕಂಕುಳಲ್ಲಿ ಒತ್ತಿಕೊಂಡು ಹೋಗಿ ಹೆದ್ದಾರಿಯಲ್ಲಿ ಬಸ್ಸಿಗೆ ಕಾದು ನಿಂತೆ. ಮಳೆ ಸುರಿಯತೊಡಗಿತು. ಕೊಡೆ ಬಿಚ್ಚಲಿಲ್ಲ.