ಟೈಪಿಂಗ್ ಟೀಚರಮ್ಮನ ಅರಳದ ಕಾಳು

ಟೈಪಿಂಗ್ ಟೀಚರಮ್ಮನ ಕಿವಿ ಎಂದರೆ ಒಂದು ಕಾಲಕ್ಕೆ ಹೆಸರಾದ ಕಿವಿ. ಬಸ್ ನಿಲ್ದಾಣದ ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿ ಇಪ್ಪತ್ತು ಯಂತ್ರಗಳು ಒಟ್ಟಿಗೆ ಕಟಕಟ ಎನ್ನುತ್ತಿದ್ದರೂ, ಬೋರ್ಡಿನ ಕಡೆ ಮುಖ ಮಾಡಿ ನಿಂತ ಆಕೆ, "ಕಿಟಕಿ ಪಕ್ಕದವರು ಕಿರುಬೆರಳು ಬಳಸ್ತಾ ಇಲ್ಲ" ಎಂದು ತಿರುಗಿ ನೋಡದೆಯೇ ಹೇಳಿಬಿಡುತ್ತಿದ್ದರು. ಮೂವತ್ತೊಂದು ವರ್ಷ ಹೀಗೆ ನಡೆಯಿತು. ಆಮೇಲೆ ಕಂಪ್ಯೂಟರು ಬಂತು, ಯಂತ್ರಗಳು ಗುಜರಿ ಸೇರಿದವು, ಟೀಚರಮ್ಮ ಮನೆ ಸೇರಿದರು.

ಮನೆಯಲ್ಲಿ ಇದ್ದವರು ಇಬ್ಬರೇ, ಆಕೆ ಮತ್ತು ಬಸ್ ಓಡಿಸಿ ನಿವೃತ್ತರಾದ ಗಂಡ. ಎರಡು ಬೀದಿ ಆಚೆ ಇದ್ದ ಮಗಳು ಭಾನುವಾರ ಮಧ್ಯಾಹ್ನ ತಪ್ಪದೆ ಬರುತ್ತಿದ್ದಳು. ಬರುವುದು ಅಪ್ಪ ಅಮ್ಮನನ್ನು ನೋಡಲು ಎಂಬುದು ಬಾಯಿಮಾತು. ಅವಳ ಕಣ್ಣೆಲ್ಲ ಒಲೆಯ ಮೇಲಿನ ಪಾಪ್‌ಕಾರ್ನ್ ಪಾತ್ರೆಯ ಮೇಲೆ. ಟೀಚರಮ್ಮ ಅದನ್ನು ಮಾಡುತ್ತಿದ್ದ ಕ್ರಮವೂ ಪಾಠದಷ್ಟೇ ಕಟ್ಟುನಿಟ್ಟು. ದಪ್ಪ ತಳದ ಪಾತ್ರೆಗೆ ಎಣ್ಣೆ, ಕಾದಿದೆಯೇ ಎಂದು ನೋಡಲು ಮೂರೇ ಮೂರು ಮೆಕ್ಕೆಜೋಳದ ಕಾಳು. ಅವು ಅರಳಿದ ಮೇಲೆ ಉಳಿದವನ್ನು ಸುರಿದು, ಆವಿ ಹೋಗಲು ಒಂದಿಷ್ಟೇ ಸಂದು ಬಿಟ್ಟು ಮುಚ್ಚಳ ಮುಚ್ಚಿ, ಪಾತ್ರೆ ಅಲ್ಲಾಡಿಸುತ್ತ ಕಿವಿಗೊಡುವುದು. ಪಟಪಟ ಕಮ್ಮಿಯಾಗಿ, ಒಂದು ಸಿಡಿತಕ್ಕೂ ಇನ್ನೊಂದಕ್ಕೂ ನಡುವೆ ಎರಡು ಎಣಿಸುವಷ್ಟು ಬಿಡುವು ಸಿಕ್ಕಿತೆಂದರೆ ಒಲೆ ಆರಿಸುವುದು. ಒಂದು ಕಾಳೂ ಸೀಯುತ್ತಿರಲಿಲ್ಲ, ತಳದಲ್ಲಿ ಉಳಿಯುವುದು ಹೆಚ್ಚೆಂದರೆ ಹತ್ತೋ ಹನ್ನೆರಡೋ.

ಹೋದ ವರ್ಷ ಈ ಲೆಕ್ಕ ಕೆಟ್ಟಿತು. ಒಂದು ಭಾನುವಾರ ತಳದಲ್ಲಿ ಒಂದು ಹಿಡಿ ಕಾಳು ಹಾಗೇ ಉಳಿಯಿತು. ಮುಂದಿನ ವಾರ ಎರಡು ಹಿಡಿ. ಟೀಚರಮ್ಮ ಎಣ್ಣೆಯನ್ನು ಬೈದರು, ಒಲೆಯನ್ನು ಬೈದರು, ಪಾತ್ರೆ ಬದಲಾಯಿಸಿದರು. ಗಂಡ ಮಾತ್ರ ಚಕಾರ ಎತ್ತದೆ ಮುಂದಿಟ್ಟದ್ದನ್ನು ತಿಂದರು. ಮೂರನೇ ವಾರ ಅವರ ದವಡೆಯ ಕಡೆಯಿಂದ ಕಟಕ್ ಎಂದಿತು. ಮಗಳು ತಿರುಗಿ ನೋಡಿದಳು, ಟೀಚರಮ್ಮ ನೋಡಲಿಲ್ಲ. ಹಲ್ಲಿನ ಚೂರನ್ನು ಅವರು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿದರು.

ಕಾಳೇ ಹಳತು, ಒಣಗಿ ಕಟ್ಟಿಗೆಯಾಗಿದೆ ಎಂದು ತೀರ್ಮಾನಿಸಿ, ಟೀಚರಮ್ಮ ಸೋಮವಾರ ಬೆಳಗ್ಗೆ ಪೊಟ್ಟಣ ಹಿಡಿದು ದಿನಸಿ ಅಂಗಡಿಗೆ ಹೋದರು. ಅಂಗಡಿಯವರು ಆಕೆಯ ಹಳೇ ವಿದ್ಯಾರ್ಥಿ, ತಲೆ ಅರ್ಧ ನರೆತಿದ್ದರೂ ಆಕೆಯ ಮುಂದೆ ಕೈಕಟ್ಟಿ ನಿಲ್ಲುವವರು. ವಾದ ಮಾಡದೆ ಅವರು ಒಳಗೆ ಚಹಾ ಕಾಸುವ ಸ್ಟವ್ ಹಚ್ಚಿ, ಅದೇ ಪೊಟ್ಟಣದ ಕಾಳನ್ನು ಆಕೆ ಹೇಳಿದಂತೆಯೇ ಹಾಕಿದರು. ಸ್ವಲ್ಪ ಹೊತ್ತಾದ ಮೇಲೆ ಟೀಚರಮ್ಮ, "ಸಾಕು, ನಿಂತಿತು. ಆರಿಸಿ" ಎಂದರು.

ಅಂಗಡಿಯವರು ಆರಿಸಲಿಲ್ಲ. ಟೀಚರಮ್ಮ ಪಾತ್ರೆಯ ಕಡೆ ನೋಡಿದರು. ತೆಳು ಮುಚ್ಚಳ ಮೇಲೆ ಕೆಳಗೆ ಕುಣಿಯುತ್ತಿತ್ತು. ಸದ್ದು ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಅಂಗಡಿಯವರು ತಲೆ ತಗ್ಗಿಸಿ ನಿಂತಿದ್ದರು, ತಪ್ಪು ತಮ್ಮದೇ ಎಂಬಂತೆ.

ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಗಂಡನ ಎದುರು ಕೂತರು. "ನಿಮಗೆ ಎಷ್ಟು ದಿನದಿಂದ ಗೊತ್ತು?"

ಅವರು ಪತ್ರಿಕೆ ಮಡಿಸಿಟ್ಟರು. "ಟೀವಿ ಸೌಂಡು ಜಾಸ್ತಿ ಮಾಡೋಕೆ ಶುರು ಮಾಡಿದೆಯಲ್ಲ, ಆವಾಗಿಂದ."

"ಹೇಳಬಾರದಿತ್ತಾ?"

"ನಿನಗೆ ಹೇಗೆ ಹೇಳಲಿ? ಕಿವಿ ಅಂದ್ರೆ ನಿನಗೆ ಪ್ರಾಣ. ಹಲ್ಲು ಹೋದ್ರೆ ಹೋಯ್ತು ಅಂದ್ಕೊಂಡೆ."

ಹಲ್ಲಿನ ಸಂಗತಿ ಆಕೆಗೆ ತಿಳಿದದ್ದು ಆಗಲೇ. ಬಾಯಿ ತೆರೆಸಿ, ಬೆಳಕಿಗೆ ತಿರುಗಿಸಿ ನೋಡಿದರು. ನಗಬೇಕೋ ಅಳಬೇಕೋ ತೋಚದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿ, ಮಧ್ಯಾಹ್ನಕ್ಕೆ ಮೆತ್ತಗೆ ಅನ್ನ ಬೇಯಿಸಿದರು.

ಎರಡು ದಿನ ಮುಖ ಗಂಟಿಕ್ಕಿಕೊಂಡೇ ಇದ್ದರು. ಭಾನುವಾರ ಮಗಳು ಬಂದು, ಈ ಸಲ ತಾನೇ ಮಾಡುತ್ತೇನೆಂದಾಗ, ಅಡುಗೆಮನೆ ಬಾಗಿಲಲ್ಲೇ ತಡೆದರು. ಎಂದಿನಂತೆ ಕಾಳು ಸುರಿದರು. ಒಂದು ಕೈಯಲ್ಲಿ ಪಾತ್ರೆಯ ಹಿಡಿ, ಇನ್ನೊಂದು ಕೈಯ ಬೆರಳ ತುದಿಗಳು ಮುಚ್ಚಳದ ಮರದ ಗುಬುಟಿನ ಮೇಲೆ. ಮೊದಲು ಒಂದು ಕುಟುಕು, ಆಮೇಲೆ ನಾಲ್ಕು, ಆಮೇಲೆ ಎಣಿಸಲಾಗದಷ್ಟು. ಕಿವಿಗೆ ಬಾರದ್ದೆಲ್ಲ ಬೆರಳಿಗೆ ಬರುತ್ತಿತ್ತು. ಕುಟುಕು ವಿರಳವಾದವು, ಎರಡು ಎಣಿಸುವಷ್ಟು ಸುಮ್ಮನಾಯಿತು, ಒಲೆ ಆರಿಸಿದರು. ಬೋಗುಣಿಗೆ ಬಗ್ಗಿಸಿದಾಗ ತಳದಲ್ಲಿ ಉಳಿದದ್ದು ಒಂಬತ್ತು ಕಾಳು. ಟೀಚರಮ್ಮ ಎರಡು ಸಲ ಎಣಿಸಿದರು. ದೊಡ್ಡದೊಂದು ಪೊಟ್ಟಣ ಕಟ್ಟಿ, ಬಿಸಿ ಆರುವ ಮೊದಲೇ ಅಂಗಡಿಗೆ ಹೋಗಿ, ತಪ್ಪಾಯಿತು ಎಂದು ಹೇಳಿ ಕೊಟ್ಟು ಬಂದರು.

ಮರುದಿನ ತಾವಾಗಿಯೇ ಕಿವಿ ಡಾಕ್ಟರ ಹತ್ತಿರ ಹೋದರು. ಹದಿನೈದು ದಿನಕ್ಕೆ ಅವರೆಕಾಳಿನ ಗಾತ್ರದ ಯಂತ್ರವೊಂದು ಕಿವಿಗೆ ಬಂತು. ಅದನ್ನು ಹಾಕಿಕೊಂಡು ಪಾಪ್‌ಕಾರ್ನ್ ಮಾಡಿದರೆ ಆಲಿಕಲ್ಲು ಬಿದ್ದಷ್ಟು ಗಲಾಟೆ. ತೆಗೆದು ಕಪಾಟಿನ ಮೇಲಿಟ್ಟು, ಮತ್ತೆ ಬೆರಳನ್ನೇ ನಂಬಿದರು.

"ಮತ್ತೆ ಮಿಷನ್ ಯಾಕಮ್ಮ?" ಎಂದಳು ಮಗಳು.

"ನಿಮ್ಮಪ್ಪ ದಿನವಿಡೀ ಏನು ಗೊಣಗ್ತಾರೆ ಅಂತ ತಿಳೀಬೇಕಲ್ಲ."

ಗಂಡ ತಮ್ಮ ಪಾಲಿನ ಬಟ್ಟಲು ಎತ್ತಿಕೊಂಡು, ಯಾರೋ ಕರೆದರು ಎಂಬಂತೆ ಬಾಲ್ಕನಿಗೆ ನಡೆದರು.