ಒಂದೇ ಸಲ ಕೇಳುವ ಊರು

ಅಡಿಲೇಡಿನ ಪ್ರಾಸ್ಪೆಕ್ಟ್ ರೋಡಿನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುವ ಹೆಂಗಸರಲ್ಲಿ ಅತಿ ಮರ್ಯಾದಸ್ಥೆ ಯಾರೆಂದು ಕೇಳಿದರೆ, ಕಣ್ಣು ಮುಚ್ಚಿಕೊಂಡು ಮೈಥಿಲಿಯ ಹೆಸರು ಹೇಳುತ್ತೇನೆ. ಅವಳ ಮನೆಯಲ್ಲಿ ಊಟಕ್ಕೆ ಕೂತವರು ಹೋಳಿಗೆ ಸಾಕೆಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಸುರಿಯುತ್ತಾಳೆ. ತಾನು ಬೇರೆಯವರ ಮನೆಗೆ ಹೋದಾಗ ಹೊಟ್ಟೆ ಚುರುಗುಟ್ಟುತ್ತಿದ್ದರೂ "ಅಯ್ಯೋ ಏನೂ ಬೇಡ, ಈಗ್ತಾನೆ ಆಯ್ತು" ಅನ್ನುತ್ತಾಳೆ. ನಾಲ್ಕು ಸಲ ಬಲವಂತ ಮಾಡಿದ ಮೇಲೆ ತಟ್ಟೆ ಖಾಲಿ ಮಾಡುತ್ತಾಳೆ. ನಾವೂ ಮೈಸೂರಿನವರೇ ಆದ್ದರಿಂದ ನಮಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಊರಲ್ಲಿ ಅವಳು ನರ್ಸರಿ ಶಾಲೆಯ ಮಿಸ್. ಗಂಡ ಭರತೇಶನ ಇಂಜಿನಿಯರ್ ವೀಸಾದ ಬಾಲ ಹಿಡಿದು ಅಡಿಲೇಡಿಗೆ ಬಂದು, ಗೊತ್ತಿದ್ದ ಪಾಠವನ್ನೇ ಮತ್ತೆ ಡಿಪ್ಲೊಮಾ ಮಾಡಿ ಕಲಿತು, ಒಂದು ಚೈಲ್ಡ್‌ಕೇರಿನಲ್ಲಿ ಕ್ಯಾಶುವಲ್ ಆಗಿ ಸೇರಿದಳು. ಅಂದರೆ ಅಲ್ಲಿನ ಯಾವ ಟೀಚರಿಗಾದರೂ ಜ್ವರ ಬಂದ ದಿನ ಬೆಳಿಗ್ಗೆ ಫೋನ್ ಬರುತ್ತದೆ. ಎಲ್ಲರೂ ಗಟ್ಟಿಮುಟ್ಟಾಗಿದ್ದರೆ ಇವಳು ಮನೆಯಲ್ಲಿ ಕೂರಬೇಕು. ಇನ್ನೊಬ್ಬರ ನೆಗಡಿಯನ್ನು ಕಾಯುತ್ತಾ ಬದುಕುವುದು ಅವಳಿಗೆ ಚುಚ್ಚುತ್ತಿತ್ತು. ಪರ್ಮನೆಂಟ್ ಆಗಬೇಕು, ತನ್ನದೇ ಒಂದು ತರಗತಿ ಬೇಕು. ಅವಳು ಬಾಯಿಬಿಟ್ಟು ಆಸೆಪಟ್ಟದ್ದು ಅದೊಂದನ್ನೇ, ಅದೂ ನನ್ನೆದುರು ಮಾತ್ರ.

೨೦೧೬ರಲ್ಲಿ ಅಲ್ಲಿನ ಡೈರೆಕ್ಟರ್ ಲಿನೆಟ್ ಕೆನಡಾದ ಸಮ್ಮೇಳನವೊಂದಕ್ಕೆ ಹೋಗಿಬಂದಳು. ಅಲ್ಲಿ ಬ್ಲ್ಯಾಕ್‌ಫೂಟ್ ಎಂಬ ಮೂಲನಿವಾಸಿಗಳ ಹಿರಿಯರೊಬ್ಬರು, ಮಕ್ಕಳಿಗೆ ಗೌರವ, ದಯೆ, ಔದಾರ್ಯ, ತಾಳ್ಮೆಯಿಂದ ಕೇಳುವ ಗುಣ ಕಲಿಸುವುದು ಹೇಗೆಂದು ಮಾತಾಡಿದ್ದರಂತೆ. ಆ ಹಿರಿಯರ ಮಾತು ಬಂಗಾರವೇ ಇರಬೇಕು. ಆದರೆ ಒಂದು ಗಂಟೆ ಕೇಳಿದ ಲಿನೆಟ್ ಪೂರ್ತಿ ಬ್ಲ್ಯಾಕ್‌ಫೂಟ್ ಪಂಡಿತೆಯಾಗಿ ವಿಮಾನ ಇಳಿದಳು. ಅಡಿಲೇಡಿನ ನೆಲವೂ ಗಾರ್ನಾ ಎಂಬ ಮೂಲನಿವಾಸಿಗಳದ್ದೇ. ದಿನಾ ಬೆಳಿಗ್ಗೆ ಈ ನೆಲ ಅವರದ್ದೆಂಬ ವಂದನೆಯ ಮಾತನ್ನು ಮಕ್ಕಳಿಂದ ಗಡಿಬಿಡಿಯಲ್ಲಿ ಹೇಳಿಸಿ ಮುಗಿಸುತ್ತಿದ್ದವಳಿಗೆ, ಮೌಲ್ಯ ಬೇಕಾದಾಗ ಮಾತ್ರ ಸಮುದ್ರ ದಾಟಬೇಕೆನಿಸಿತು. ಪಕ್ಕದ ಬೀದಿಯಲ್ಲಿ ಸಿಕ್ಕುವ ಮೌಲ್ಯಕ್ಕೆ ಅಷ್ಟು ಬೆಲೆಯಿಲ್ಲವಲ್ಲ.

ಕಲಿಸುವ ಕೆಲಸ ಮೈಥಿಲಿಯ ತಲೆಗೆ ಬಂತು. "ನಿಮ್ಮ ಜನಕ್ಕೆ ಸಂಸ್ಕೃತಿ ಚೆನ್ನಾಗಿ ಗೊತ್ತು, ಲವ್" ಎಂದಳು, ಎಲ್ಲರನ್ನೂ ಲವ್ ಎಂದೇ ಕರೆಯುವ ಲಿನೆಟ್. ಮೈಸೂರಿಗೂ ಕೆನಡಾದ ಹುಲ್ಲುಗಾವಲಿಗೂ ಇರುವ ಸಂಬಂಧ ಅವಳೊಬ್ಬಳಿಗೇ ಗೊತ್ತು.

ಪಾಪ, ಮೈಥಿಲಿ ಶ್ರದ್ಧೆಯಿಂದಲೇ ಕಲಿಸಿದಳು. ಮಕ್ಕಳು ದುಂಡಗೆ ಕೂತು, ಒಬ್ಬರು ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡು ಕೇಳುವುದನ್ನು ಕಲಿತರು. ನಮ್ಮ ಕನ್ನಡ ಸಂಘದ ಮೀಟಿಂಗಿನಲ್ಲಿ ನಾವು ಅದನ್ನು ಇನ್ನೂ ಕಲಿತಿಲ್ಲ. ಎಡವಟ್ಟಾದದ್ದು ಔದಾರ್ಯದ ಪಾಠದಲ್ಲಿ. ಒಬ್ಬರಿಗೊಬ್ಬರು ಬಿಸ್ಕತ್ತು ಕೊಡಬೇಕಿತ್ತು. ಆಲಿವರ್ ಎಂಬ ಪುಟಾಣಿ ನೋ ಅಂದ. ಮೈಥಿಲಿ ಕೊಡುತ್ತಿದ್ದ ಹುಡುಗಿಗೆ, "ಇನ್ನೊಂದ್ಸಲ ಕೇಳಮ್ಮ, ಅವನು ನಾಚ್ಕೊತಿದಾನೆ" ಎಂದು ಇಂಗ್ಲಿಷಿನಲ್ಲಿ ಹುರಿದುಂಬಿಸಿದಳು. ಹುಡುಗಿ ಬಿಸ್ಕತ್ತನ್ನು ಅವನ ಬಾಯಿಗೇ ತುರುಕಿದಳು. ಆಲಿವರ್ ಗೊಳೋ ಎಂದು ಅತ್ತ.

ಲಿನೆಟ್ ಓಡಿಬಂದಳು. ಇಲ್ಲಿ ಮಗು ಬೇಡವೆಂದರೆ ಬೇಡ, ಎರಡನೇ ಸಲ ಕೇಳುವುದು ಅಗೌರವ ಎಂದು ನಗುನಗುತ್ತಲೇ ತಿಳಿಹೇಳಿದಳು. ಮೈಥಿಲಿ ತಲೆಯಾಡಿಸಿದಳು. ಮರುವಾರದಿಂದ ಅದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಿದಳು. ಒಂದೇ ಸಲ ಕೇಳುವುದು, ಬಂದ ಉತ್ತರ ಒಪ್ಪಿಕೊಳ್ಳುವುದು. ಮಕ್ಕಳೆಲ್ಲ ಕಲಿತರು. ಕಲಿಯದೆ ಉಳಿದವಳು ಟೀಚರ್ ಒಬ್ಬಳೇ.

ವರ್ಷದ ಕೊನೆಗೆ ಟೀಚರೊಬ್ಬಳು ಪರ್ತ್ ನಗರಕ್ಕೆ ಹೊರಟುಹೋದಳು. ಲಿನೆಟ್ ಮೈಥಿಲಿಯನ್ನು ಆಫೀಸಿಗೆ ಕರೆದು, ಕಣ್ಣಲ್ಲಿ ಕಣ್ಣಿಟ್ಟು, ಆ ಪರ್ಮನೆಂಟ್ ಜಾಗ ನಿನಗೆ ಬೇಕೇ ಎಂದು ಕೇಳಿದಳು. ಮೂರು ವರ್ಷ ಕಾದ ಗಳಿಗೆ. ನಮ್ಮ ಮರ್ಯಾದಸ್ಥೆ ತಲೆ ತಗ್ಗಿಸಿ, "ಅಯ್ಯೋ, ನೋ ನೋ, ನನಗ್ಯಾಕೆ, ಬೇರೆ ಯಾರಿಗಾದ್ರೂ ಕೊಡಿ" ಅಂದಳು.

ಹಾಗಂದು, ಎರಡನೇ ಸಲ ಕೇಳಲೆಂದು ಕಾದಳು. ಲಿನೆಟ್ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡು, "ನೋ ವರೀಸ್, ಲವ್" ಎಂದು ಬಾಗಿಲು ತೆರೆದಳು.

ಆ ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಕೂತು ಮೈಥಿಲಿ ಬಿಕ್ಕಿ ಬಿಕ್ಕಿ ಅತ್ತಳು. "ಇನ್ನೊಂದೇ ಒಂದ್ಸಲ ಕೇಳಿದ್ರೆ ಹ್ಞೂಂ ಅಂದ್ಬಿಡ್ತಿದ್ದೆ ಕಣೇ" ಅಂದಳು.

"ನಾಳೆ ಬೆಳಿಗ್ಗೆನೇ ಹೋಗಿ ಬೇಕು ಅಂತ ಹೇಳು."

"ನಾನಾಗೇ ಹೆಂಗೆ ಕೇಳ್ಲಿ? ಏನ್ ಅಂದ್ಕೋತಾರೆ?"

ನನಗೆ ಮೈ ಉರಿಯಿತು. ಅವಳ ಮೇಲೋ, ಲಿನೆಟ್ ಮೇಲೋ, ನಮ್ಮನ್ನೆಲ್ಲ ಹೀಗೆ ಬೆಳೆಸಿದ ನಮ್ಮ ಅಮ್ಮಂದಿರ ಮೇಲೋ ತಿಳಿಯಲಿಲ್ಲ. ಬೈದೆ. ಬೈಸಿಕೊಂಡು ಧೈರ್ಯ ತಂದುಕೊಳ್ಳಲು ಅವಳಿಗೆ ಒಂದು ವಾರ ಹಿಡಿಯಿತು. ಅವಳ ಬಾಯಿಂದ ಆ ಮಾತು ಹೊರಡುವ ಹೊತ್ತಿಗೆ ಆ ಜಾಗಕ್ಕೆ ಎಮ್ಮಾ ಎಂಬ ಹುಡುಗಿ ಬಂದಾಗಿತ್ತು.

"ಆದರೆ ನೀನು ಬೇಡ ಅಂದೆಯಲ್ಲ, ಲವ್. ನಾನು ಅದನ್ನು ಗೌರವಿಸಿದೆ" ಎಂದಳು ಲಿನೆಟ್. ಅವಳ ದನಿಯಲ್ಲಿ ಕಪಟವಿರಲಿಲ್ಲ. ಮೈಥಿಲಿಗೆ ಸಿಟ್ಟು ಮಾಡಿಕೊಳ್ಳಲೂ ದಾರಿಯಿರಲಿಲ್ಲ. ಅವಳು ಬಾಗಿಲವರೆಗೆ ಹೋಗಿದ್ದಳು. ಲಿನೆಟ್ ಹಿಂದಿನಿಂದ, ಮಂಗಳವಾರ ಒಂದು ದಿನದ ಕೆಲಸವಿದೆ, ಅದೂ ಕ್ಯಾಶುವಲ್ಲೇ, ನಿನಗೇನಾದರೂ ಅದು... ಎಂದು ರಾಗ ಎಳೆದಳು.

ಪ್ರಶ್ನೆ ಮುಗಿಯುವ ಮೊದಲೇ ಮೈಥಿಲಿ ಯೆಸ್ ಅಂದಿದ್ದಳು.